ಎಂಆರ್ ಮಾವ

ತಾಲ್ಲೂಕು ಕಚೇರಿ ಯಾವುದೇ ಇರಲಿ, ಹೊಳೆನರಸೀಪುರದ್ದೋ ಅರಕಲಗೂಡಿನದ್ದೋ ಚನ್ನರಾಯಪಟ್ಟಣದ್ದೋ, ಬೆಳಿಗ್ಗೆ ಹತ್ತೂವರೆಗೆ ಹೋಗಿ ಪಡಸಾಲೆಯಲ್ಲಿ ನಿಂತರೆ ಎರಡು ಬಗೆಯ ಜನ ಕಾಣುತ್ತಾರೆ. ಕೆಲಸವಿದ್ದು ಬಂದವರು ಗೋಡೆಗೊರಗಿ ಆಕಳಿಸುತ್ತ ಕೂತಿರುತ್ತಾರೆ. ಯಾವ ಕೆಲಸವೂ ಇಲ್ಲದವರು ಒಬ್ಬರೇ. ಅವರಿಗೆ ಮಾತ್ರ ಕೂರಲು ಪುರುಸೊತ್ತಿಲ್ಲ. ಬಿಳಿ ಪಂಚೆ, ತುಂಡು ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ ಒಂದು ಕೆಂಪು. ಕಂಕುಳಲ್ಲಿ ಜವಳಿ ಅಂಗಡಿಯ ಕೈಚೀಲ. ಅದರೊಳಗೆ ಜವಳಿಯಿಲ್ಲ, ಹೋಬಳಿಯ ಅರ್ಧ ಜನರ ಪಹಣಿ, ಎಂಆರ್ ಪ್ರತಿ, ಆಕಾರ್‌ಬಂದ್, ಟಿಪ್ಪಣಿ, ನಡುವೆ ಎಲ್ಲೋ ಒಂದು ಬಿಪಿ ಮಾತ್ರೆಯ ಹಾಳೆ.

ಅವರೇ ಎಂಆರ್ ಮಾವ. ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ನಿಮ್ಮ ಹೋಬಳಿಯಲ್ಲೂ ಒಬ್ಬರಿದ್ದಾರೆ. ಎಂಆರ್ ಎಂದರೆ ಮ್ಯುಟೇಶನ್ ರಿಜಿಸ್ಟರು, ಜಮೀನಿನ ಹಕ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದನ್ನು ಬರೆದಿಡುವ ವಹಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 129ನೇ ಕಲಮಿನಲ್ಲಿ ಅದರ ವಿಧಿವಿಧಾನವಿದೆ. ಮಾವನಿಗೆ ಆ ಕಲಮು ಬಾಯಿಪಾಠ; ವಿಷ್ಣು ಸಹಸ್ರನಾಮ ಅರ್ಧಕ್ಕೆ ನಿಂತಿದೆ. ಗ್ರಾಮ ಲೆಕ್ಕಿಗರಾಗಿ ಸೇರಿ ರೆವಿನ್ಯೂ ಇನ್‌ಸ್ಪೆಕ್ಟರಾಗಿ ನಿವೃತ್ತರಾದ ಮೇಲೂ ಕಚೇರಿಗೆ ಬರುವುದನ್ನು ಬಿಟ್ಟಿಲ್ಲ. ಕುರ್ಚಿ ಹೋಯಿತು, ಪಡಸಾಲೆ ಉಳಿಯಿತು.

ಅವರು ಮನುಷ್ಯರನ್ನು ಗುರುತಿಸುವುದು ಸರ್ವೆ ನಂಬರಿನಿಂದ. "ಓ, ನೀನು 117/2ರ ಮೊಮ್ಮಗ ಅಲ್ವೇನ್ಲಾ? ನಿಮ್ಮ ತಾತಂದು ಪೌತಿ ಖಾತೆ ಆಯ್ತಾ, ಇಲ್ಲ ಇನ್ನೂ ಅವರ ಹೆಸರಲ್ಲೇ ಐತಾ?" ತಾತ ತೀರಿಕೊಂಡು ಮೂರು ತಿಂಗಳಾಗಿರಬಹುದು, ಮೂವತ್ತು ವರ್ಷವಾಗಿರಬಹುದು. ಅಯ್ಯೋ ಪಾಪ ಎನ್ನುವುದು ಖಾತೆಯ ವಿಚಾರ ತಿಳಿದ ಮೇಲೆ.

ಈ ಕಣ್ಣು ಕಚೇರಿಯ ಹೊರಗೂ ಮುಚ್ಚುವುದಿಲ್ಲ. ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿಗೆ ಹೋದರೆ ಮಾವ ದೋಸೆ ನೋಡುವ ಮುಂಚೆ ದರಪಟ್ಟಿ ನೋಡುತ್ತಾರೆ. "ಬಣ್ಣ ಹಚ್ಚಿ ಮೇಲೆ ಹೊಸ ರೇಟು ಬರೆದವ್ರೆ. ಓರೆ ನಿಂತು ನೋಡು, ಹಳೇದು ಒಳಗಡೆ ಕಾಣ್ತದೆ." ಮದುವೆ ಕರೆಯೋಲೆ ಬಂದರೆ ಅದೇ ಮನೆಯ ಹಿಂದಿನ ಮದುವೆಯ ಕರೆಯೋಲೆ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುತ್ತಾರೆ. ಆ ಸಲ ಹಿರಿಯರ ಪಟ್ಟಿಯಲ್ಲಿ ಮೂರನೆಯವರಾಗಿದ್ದ ಚಿಕ್ಕಪ್ಪ ಈ ಸಲ ಸುಖಾಗಮನ ಬಯಸುವವರ ಕೊನೆಯ ಸಾಲಿಗೆ ಇಳಿದಿದ್ದರೆ, ಆ ಮನೆಯಲ್ಲಿ ವಿಭಾಗದ ದಾವೆ ಬಿದ್ದಿದೆ ಎಂದು ಮಾವ ಹೇಳುತ್ತಾರೆ. ಹೇಳಿದ್ದು ಸುಳ್ಳಾದ ಉದಾಹರಣೆ ನಮ್ಮೂರಲ್ಲಿಲ್ಲ.

ಹಾಸನಾಂಬೆಯ ಮೇಲೆ ಅವರಿಗಿರುವ ಭಕ್ತಿಯೂ ಈ ಬಗೆಯದೇ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆಯುವ ಗುಡಿ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂವು ಬಾಡಿರುವುದಿಲ್ಲ ಎಂಬುದು ಜನರ ನಂಬಿಕೆ. ಮಾವ ಕೈ ಮುಗಿದು ಹೇಳುವುದು: "ಒಂದು ವರ್ಷ ಪೂರ್ತಿ ಒಂದೇ ಒಂದು ತಿದ್ದುಪಡಿ ಇಲ್ಲದ ದಾಖಲೆ ಈ ಜಿಲ್ಲೆಯಲ್ಲಿ ಇದೊಂದೇ ಕಣಪ್ಪ."

ದಾಖಲೆ ತಪ್ಪಾಗಿದ್ದರೆ ಅವರಿಗೆ ಬೇಸರವೇನಿಲ್ಲ. ತಪ್ಪು ಮನುಷ್ಯ ಸಹಜ, ಅದರಲ್ಲೂ ಮಾರ್ಚ್ ತಿಂಗಳಲ್ಲಿ. ಹಳೆಯದೇನಿತ್ತು ಎಂದು ಕಾಣದ ಹಾಗೆ ತಿದ್ದಿದರೆ ಮಾತ್ರ ಬಿಪಿ ಮಾತ್ರೆ ಹುಡುಕಬೇಕಾಗುತ್ತದೆ.

ಕೈಬರಹದ ಪಹಣಿಯ ಕಾಲದಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಹಕ್ಕು ಬದಲಾದರೆ ಹಳೆಯ ಹೆಸರನ್ನು ಅಳಿಸುವ ಹಾಗಿಲ್ಲ. ಅದಕ್ಕೆ ಸುತ್ತು ಹಾಕಬೇಕು, ಸುತ್ತಿನೊಳಗೆ ಹೆಸರು ಓದುವಂತಿರಬೇಕು, ಪಕ್ಕದಲ್ಲಿ ಹೊಸ ಹೆಸರು, ಅದರ ಹತ್ತಿರ ಎಂಆರ್ ನಂಬರು. ಒಂಬತ್ತನೇ ಕಾಲಮ್ಮಿನಲ್ಲಿ ಸ್ವಾಧೀನದಾರನ ಹೆಸರಿದ್ದರೆ ಹತ್ತನೆಯದರಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದಿರಬೇಕು: ಕ್ರಯವೋ, ವಿಭಾಗವೋ, ದಾನವೋ, ಪೌತಿಯೋ. ಆಧಾರವಿಲ್ಲದೆ ಹೆಸರು ಕೂತರೆ ಅದು ಮಾವನ ಮಾತಿನಲ್ಲಿ "ಕರೆಯದೆ ಬಂದ ನೆಂಟ". ಶಾನುಭೋಗಿಕೆ 1963ರಲ್ಲಿ ರದ್ದಾಯಿತು, ಗ್ರಾಮ ಲೆಕ್ಕಿಗರು ಬಂದರು, ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ಕುರ್ಚಿಯ ಹೆಸರಿಗೆ ಎರಡೆರಡು ಸಲ ಸುತ್ತು ಬಿತ್ತು; ಸುತ್ತು ಹಾಕುವ ಪದ್ಧತಿ ಮಾವನ ತಲೆಯಲ್ಲಿ ಮೊದಲಿದ್ದ ಹಾಗೇ ಇದೆ.

ಆಮೇಲೆ 'ಭೂಮಿ' ಬಂತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಶುರುವಾಗಿ ರಾಜ್ಯದ ತಾಲ್ಲೂಕುಗಳನ್ನೆಲ್ಲ ಹಿಡಿದ ಯೋಜನೆ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆ ಗಣಕಯಂತ್ರದ ಹೊಟ್ಟೆ ಸೇರಿತು. ಆಗ ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಮಾವ ಆಗ ಸೇವೆಯಲ್ಲಿದ್ದವರು. ಒಂದು ವಾರ ಸಪ್ಪಗಿದ್ದರು. ಎಂಟನೆಯ ದಿನ ಅವರಿಗೆ ತಿಳಿದದ್ದು ಇಷ್ಟು: ಗಣಕಯಂತ್ರದ ಮುಂದೆ ಕೂರುವ ಅಧಿಕಾರಿ ಪಾಸ್‌ವರ್ಡಿನ ಜೊತೆ ಬೆರಳಚ್ಚನ್ನೂ ಒತ್ತಬೇಕು. ಅಂದರೆ ನಾಳೆ "ನಾನು ಮಾಡಿದ್ದಲ್ಲ, ಯಾರೋ ನನ್ನ ಹೆಸರಲ್ಲಿ ಮಾಡಿದ್ದು" ಎನ್ನುವ ಹಾಗಿಲ್ಲ. ಮ್ಯುಟೇಶನ್ ಅರ್ಜಿಗಳೂ ಮೊದಲು ಬಂದದ್ದು ಮೊದಲು. "ಅಂಗಾರೆ ಇದು ನಮ್ಮ ಜಾತಿಯ ಮಿಶೀನು" ಎಂದು ಮಾವ ಒಪ್ಪಿಕೊಂಡರು. ರಿಜಿಸ್ಟ್ರಾರ್ ಕಚೇರಿಯ 'ಕಾವೇರಿ'ಯಲ್ಲಿ ಕ್ರಯಪತ್ರವಾದದ್ದು ಜೆ ಸ್ಲಿಪ್ಪಾಗಿ 'ಭೂಮಿ'ಗೆ ಬರುವುದು, 11ಇ ನಕ್ಷೆ ಸರ್ವೆಯವರ 'ಮೋಜಿಣಿ'ಯಿಂದ ಬರುವುದು, ಮೂರೂ ಸೇರಿ ಒಂದು ಎಂಆರ್ ಆಗಿ ಕೊನೆಗೆ ಪಹಣಿಯ ಒಂಬತ್ತನೇ ಕಾಲಂ ತಲುಪುವುದು, ಇದನ್ನು ಅವರು ಹೇಳತೊಡಗಿದರೆ ಗೊರೂರು ಅಣೆಕಟ್ಟೆಯಲ್ಲಿ ಬಿಟ್ಟ ನೀರು ಯಾವ ತೂಬು ದಾಟಿ ಯಾರ ಗದ್ದೆಗೆ ಬಂತು ಎಂದು ಸವುಡಿ ಹೇಳಿದಂತಿರುತ್ತದೆ. ಮೂರನೇ ಕಾಲಮ್ಮಿನ ವಿಸ್ತೀರ್ಣಕ್ಕೂ ಒಂಬತ್ತನೇ ಕಾಲಮ್ಮಿನ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿ ಸಿಕ್ಕರಂತೂ ಅವರಿಗೆ ಆವತ್ತು ಹಬ್ಬ, ಪಹಣಿಯವನಿಗೆ ತಿಥಿ.

ಇಂಥ ಮಾವನ ಕಣ್ಣಿಗೆ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಬಿತ್ತು.

ಸಮಿತಿಯ ಲೆಕ್ಕ ಮೊದಲು ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಾವನ ತಂಗಿಯ ಮಗಳು ಯುಗಾದಿಗೆ ಬಂದವಳು ಅದನ್ನು ನೋಡಿ ಎದೆ ಹಿಡಿದುಕೊಂಡಳು. "ಇದನ್ನೆಲ್ಲ ಆನ್‌ಲೈನಿಗೆ ಹಾಕಿಕೊಡ್ತೀನಿ ಮಾವ. ಕೋಡ್ ಬರೆಯೋದೂ ಬೇಡ, ಎಳೆದು ಬಿಟ್ಟರೆ ಸಾಕು." ಲೋ-ಕೋಡ್ ಎನ್ನುತ್ತಾರಲ್ಲ, ಏರ್‌ಟೇಬಲ್, ಆಪ್‌ಶೀಟ್, ಝೋಹೋ ಕ್ರಿಯೇಟರ್, ಆ ಸಂತತಿಯದೊಂದು. ಸಂಜೆಯೊಳಗೆ ನಾಲ್ಕು ಕೋಷ್ಟಕ ಸಿದ್ಧವಾಯಿತು: ಮನೆಗಳು, ದಾನಿಗಳು, ರಸೀದಿ, ಖರ್ಚು. ಒಂದಕ್ಕೊಂದು ಕೊಂಡಿ. ಮೊಬೈಲಿನಲ್ಲೇ ತುಂಬಬಹುದು. ಖಜಾಂಚಿಗಳು ಸಂತೋಷದಿಂದ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು. ಆ ಖರ್ಚೂ ನಾಲ್ಕನೇ ಕೋಷ್ಟಕಕ್ಕೆ ಹೋಯಿತು.

ಮಾವ ಹಾಲು ಕುಡಿದು, ಲೋಟ ಕೆಳಗಿಟ್ಟು, ಕೇಳಿದ್ದು ಒಂದೇ ಮಾತು. "ಎಲ್ಲ ಚೆನ್ನಾಗದೆ ಮಗ. ಎಂಆರ್ ಎಲ್ಲಿ?"

ಹುಡುಗಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕಳು. ಒಂದೊಂದು ಸಾಲನ್ನೂ ತೆರೆದರೆ ಪಕ್ಕದಲ್ಲಿ ಅದರ ಇತಿಹಾಸ ಬರುತ್ತದೆ, ಯಾರು ಯಾವಾಗ ಏನು ಬದಲಾಯಿಸಿದರು ಎಂದು ತೋರಿಸಿದಳು. ಮಾವನಿಗೆ ಖುಷಿಯಾದದ್ದು ಅರ್ಧ ನಿಮಿಷ. ಆಮೇಲೆ ಪ್ರಶ್ನೆಗಳು ಶುರುವಾದವು. ಈ ತಿಂಗಳು ಊರಿನ ಒಟ್ಟು ಬದಲಾವಣೆ ಒಂದೇ ಕಡೆ ನೋಡಬೇಕಾದರೆ? ನೋಡಲಾಗದು, ಸಾಲು ಸಾಲೇ ತೆರೆಯಬೇಕು. ಎಷ್ಟು ಕಾಲ ಉಳಿಯುತ್ತದೆ? ಬಿಟ್ಟಿ ಯೋಜನೆಯಲ್ಲಿ ಕೆಲವೇ ವಾರ; ಹೆಚ್ಚು ಬೇಕಾದರೆ ದುಡ್ಡು ಕಟ್ಟಬೇಕು. ಮಾವ ಎದ್ದು ನಿಂತರು. "ಜಮೀನಿನ ಸ್ವಾಧೀನದ ದಾವೆಗೆ ಹನ್ನೆರಡು ವರ್ಷ ವಾಯಿದೆ ಕೊಡ್ತದೆ ಕಾನೂನು. ಇವನು ಯಾರ್ಲಾ, ಹದಿನೈದು ದಿನಕ್ಕೆ ಇತಿಹಾಸ ಒರೆಸೋನು?"

ಹೀಗೆ ಐದನೆಯ ಕೋಷ್ಟಕ ಹುಟ್ಟಿತು. ಹುಡುಗಿ ಅದಕ್ಕೆ 'ಚೇಂಜ್ ಲಾಗ್' ಎಂದು ಹೆಸರಿಟ್ಟಳು. ಮಾವ ಮಾರನೆಯ ಬೆಳಿಗ್ಗೆ ಅದನ್ನು 'ಎಂಆರ್' ಎಂದು ತಿದ್ದಿದರು. ಏಳು ಕಾಲಂ: ಯಾವ ಕೋಷ್ಟಕ, ಯಾವ ಸಾಲು, ಯಾವ ಕಾಲಂ, ಹಳೆಯದು, ಹೊಸದು, ಯಾರು, ಯಾವಾಗ. ನಾಲ್ಕು ಕೋಷ್ಟಕದಲ್ಲಿ ಎಲ್ಲಿ ಏನು ಬದಲಾದರೂ ಇಲ್ಲಿಗೆ ಒಂದು ಸಾಲು ತಾನಾಗಿ ಬಂದು ಬೀಳಬೇಕು. ಹೇಳುವುದಕ್ಕೆ ಇಷ್ಟೇ. ಕಟ್ಟುವುದಕ್ಕೆ ಹೋದಾಗ ಹುಡುಗಿಯ ರಜೆ ಕರಗಿತು.

ಇಂಥ ತಂತ್ರಾಂಶಗಳಲ್ಲಿ 'ಸಾಲು ಬದಲಾದಾಗ ಇದನ್ನು ಮಾಡು' ಎಂದು ಒಂದು ಕಾವಲು ಕೂರಿಸಬಹುದು. ಆದರೆ ಸಾಮಾನ್ಯವಾಗಿ ಒಂದು ಕಾವಲು ಒಂದೇ ಕೋಷ್ಟಕವನ್ನು ಕಾಯುತ್ತದೆ. ನಾಲ್ಕು ಕೋಷ್ಟಕಕ್ಕೆ ನಾಲ್ಕು. ನಾಳೆ ಅಡುಗೆ ಸಾಮಾನಿನದೊಂದು ಕೋಷ್ಟಕ ಸೇರಿಸಿ ಅದಕ್ಕೆ ಕಾವಲು ಮರೆತರೆ, ಅನ್ನದಾಸೋಹದ ಅಕ್ಕಿ ಐದು ಕ್ವಿಂಟಾಲಿನಿಂದ ಮೂರಕ್ಕೆ ಇಳಿದದ್ದು ದೇವರಿಗೂ ತಿಳಿಯುವುದಿಲ್ಲ. ಇದನ್ನು ಮಾವ ಕೂಡಲೇ ಹಿಡಿದುಕೊಂಡರು. ಹೊಸ ಕೋಷ್ಟಕಕ್ಕೆ ಸಮಿತಿಯ ಠರಾವು ಬೇಕು ಎಂದು ಅಂದೇ ಠರಾವು ಮಾಡಿಸಿದರು.

ಎರಡನೆಯ ತೊಡಕು ಇನ್ನೂ ಸೊಗಸಾದದ್ದು. ನಮ್ಮ ತಂತ್ರಾಂಶದ ಕಾವಲುಗಾರನಿಗೆ ಹೊಸದು ಮಾತ್ರ ಕಾಣುತ್ತದೆ. ಬದಲಾಯಿತು ಎಂದು ಅವನು ಕೂಗುವ ಹೊತ್ತಿಗೆ ಹಳೆಯದು ಹೋಗಿಯಾಗಿರುತ್ತದೆ. "ಕಳ್ಳ ಹೋದ ಮೇಲೆ ಸೀಟಿ ಊದೋನ್ನ ಯಾಕೆ ಇಟ್ಕೊಂಡಿದೀಯ?" ಎಂದರು ಮಾವ. ಎಲ್ಲ ತಂತ್ರಾಂಶಗಳೂ ಹೀಗಲ್ಲ, ಅದನ್ನೂ ಹೇಳಬೇಕು. ಆಪ್‌ಶೀಟ್‌ನಲ್ಲಿ ಬದಲಾಗುವ ಮುಂಚಿನ ಸಾಲನ್ನೂ ನಂತರದ ಸಾಲನ್ನೂ ಬೇರೆ ಬೇರೆಯಾಗಿ ಕೇಳಿ ಪಡೆಯಬಹುದು. ಹಳೆಯ ಮೈಕ್ರೋಸಾಫ್ಟ್ ಆಕ್ಸೆಸ್‌ಗೆ 2010ರ ಆವೃತ್ತಿಯಲ್ಲಿ ಡೇಟಾ ಮ್ಯಾಕ್ರೋ ಬಂದಾಗಿನಿಂದ ಅದಕ್ಕೂ ಹಳೆಯ ಬೆಲೆ ನೆನಪಿರುತ್ತದೆ. ನಮ್ಮದರಲ್ಲಿ ಆ ಭಾಗ್ಯವಿಲ್ಲ. ಹುಡುಗಿ ಉಪಾಯ ಹೂಡಿದಳು. ಕಾಯಬೇಕಾದ ಪ್ರತಿ ಕಾಲಮ್ಮಿನ ಪಕ್ಕ ಅದರದೇ ನಕಲೊಂದನ್ನು ಬಚ್ಚಿಟ್ಟಳು. ದೇಣಿಗೆ ಬದಲಾದಾಗ ನಕಲಿನಲ್ಲಿ ಇನ್ನೂ ಹಳೆಯ ಅಂಕಿಯೇ ಇರುತ್ತದೆ. ಅದನ್ನೂ ಹೊಸದನ್ನೂ ಎಂಆರ್‌ಗೆ ಬರೆದು, ಆಮೇಲೆ ನಕಲನ್ನು ಹೊಸದಕ್ಕೆ ಸರಿಮಾಡುವುದು. ಮಾವ ಮೀಸೆ ತಿರುವಿದರು. "ಕಚೇರಿ ಪ್ರತಿ ಅನ್ನು. ಕೊಡೋದಕ್ಕೆ ಮುಂಚೆ ಒಂದು ಇಟ್ಕೊಳೋದು."

ಆ ರಾತ್ರಿ ಹತ್ತು ಗಂಟೆಗೆ ಸಮಿತಿಯ ಎಲ್ಲರ ಮೊಬೈಲೂ ಒಟ್ಟಿಗೆ ಕೂಗತೊಡಗಿದವು. ದಾನಿಯೊಬ್ಬರ ಫೋನ್ ನಂಬರ್ ಬದಲಾಗಿತ್ತು. ಅದನ್ನು ಎಂಆರ್‌ಗೆ ಬರೆದ ಕಾವಲುಗಾರ ನಕಲನ್ನು ಸರಿಮಾಡಿದ. ನಕಲು ಬದಲಾದದ್ದೂ ಬದಲಾವಣೆಯೇ ತಾನೆ? ಅದನ್ನೂ ಬರೆದ. ಬರೆದ ಹೊತ್ತನ್ನು ಸಾಲಿನಲ್ಲಿ ನಮೂದಿಸಿದ. ನಮೂದಿಸಿದ್ದೂ ಬದಲಾವಣೆ. ಒಂದೊಂದು ಸಾಲಿಗೂ ಸಮಿತಿಗೆ ಒಂದೊಂದು ಮಾಹಿತಿ ಹೋಗುವಂತೆ ಮಾವನೇ ಹೇಳಿ ಮಾಡಿಸಿದ್ದರು. ಊರಿನ ನಾಯಿಗಳು ಎದ್ದವು. ಹುಡುಗಿ ಓಡಿ ಬಂದು, ಇಂತಿಂಥ ಕಾಲಂ ಬದಲಾದರೆ ಮಾತ್ರ ಎದ್ದೇಳು, ನಕಲಿನ ಕಡೆ ನೋಡಬೇಡ ಎಂದು ಕಾವಲುಗಾರನಿಗೆ ಬುದ್ಧಿ ಹೇಳುವ ಹೊತ್ತಿಗೆ ಒಂದು ಫೋನ್ ನಂಬರಿನ ಇತಿಹಾಸ ಹೊಯ್ಸಳರ ಇತಿಹಾಸಕ್ಕಿಂತ ಉದ್ದವಾಗಿತ್ತು. ಮಾವನಿಗೆ ಗಾಬರಿಯೇನೂ ಇರಲಿಲ್ಲ. ಕಚೇರಿಯಲ್ಲಿ ಪತ್ರ ತಲುಪಿದ್ದಕ್ಕೆ ಪತ್ರ, ಆ ಪತ್ರ ತಲುಪಿದ್ದಕ್ಕೆ ಇನ್ನೊಂದು ಪತ್ರ ಬರೆದೇ ಮೂವತ್ತು ವರ್ಷ ಕಳೆದವರು.

ಸಮಿತಿಯ ಕಾರ್ಯದರ್ಶಿಗಳು ಹೈಸ್ಕೂಲ್ ಮೇಷ್ಟ್ರು, ಸ್ವಲ್ಪ ತಿಳಿದವರು. "ಇಷ್ಟೆಲ್ಲ ಯಾಕೆ, ಗೂಗಲ್ ಶೀಟ್ ಸಾಕಾಗಿತ್ತು. ಅದರಲ್ಲಿ ಸಣ್ಣದೊಂದು ಸ್ಕ್ರಿಪ್ಟ್ ಹಾಕಿದರೆ ತಿದ್ದಿದಾಗ ಹಳೆಯ ಬೆಲೆಯನ್ನೂ ಅದೇ ಕೊಡುತ್ತದೆ" ಎಂದರು. ನಿಜವೇ. ಆದರೆ ಹುಡುಗಿ ಒಂದು ಮಾತು ಸೇರಿಸಿದಳು: ಒಂದೇ ಚೌಕ ತಿದ್ದಿದರೆ ಹಳೆಯದನ್ನು ಕೊಡುತ್ತದೆ, ಹತ್ತು ಚೌಕಕ್ಕೆ ಒಟ್ಟಿಗೆ ಏನನ್ನಾದರೂ ಅಂಟಿಸಿದರೆ ಕೊಡುವುದಿಲ್ಲ. ಮಾವ ಮೇಷ್ಟ್ರನ್ನು ದುರುಗುಟ್ಟಿ ನೋಡಿದರು. "ಒಂದು ಕುರಿ ಕದ್ರೆ ಕೇಸು. ಹಿಂಡನ್ನೇ ಹೊಡ್ಕೊಂಡು ಹೋದ್ರೆ ಕೇಸಿಲ್ಲ. ಚೆನ್ನಾಗೈತೆ ಮೇಷ್ಟ್ರೇ ನಿಮ್ಮ ಗೂಗಲ್ಲು."

ಅಳಿಸುವ ವಿಚಾರಕ್ಕೆ ಬಂದಾಗ ಹುಡುಗಿಗೂ ಮಾವನಿಗೂ ಮೊದಲ ಸಲ ಪೂರ್ತಿ ಒಮ್ಮತವಾಯಿತು. ಸಾಲು ಬದಲಾದರೆ ಕಾವಲುಗಾರ ಏಳುತ್ತಾನೆ, ಸಾಲನ್ನೇ ಕಿತ್ತು ಬಿಸಾಡಿದರೆ ಏಳುವುದಿಲ್ಲ. ಆದ್ದರಿಂದ ಅಳಿಸುವ ಹಕ್ಕನ್ನೇ ಎಲ್ಲರಿಂದಲೂ ಕಿತ್ತುಕೊಂಡು, 'ರದ್ದು' ಎಂದು ಟಿಕ್ ಹಾಕುವ ಚೌಕವೊಂದನ್ನು ಇಟ್ಟರು. ಸಾಲು ಇದ್ದಲ್ಲೇ ಇರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ಕಂಪನಿಗಳಲ್ಲೂ ಹೀಗೇ ಮಾಡುತ್ತಾರೆ ಎಂದು ಹುಡುಗಿ ಹೆಮ್ಮೆಯಿಂದ ಹೇಳಿದಳು. "ನಾವು ಸುತ್ತು ಹಾಕ್ತಿದ್ದೆವು" ಎಂದು ಮಾವ ಮಾತು ಮುಗಿಸಿದರು. ಹೆಸರಿನ ಬದಲು ಸಂಖ್ಯೆ ಹಿಡಿಯುವುದರಲ್ಲೂ ಇಬ್ಬರದೂ ಒಂದೇ ದಾರಿ. ನಮ್ಮೂರಿನಲ್ಲಿ ಒಂದೇ ಹೆಸರಿನವರು ಐದು ಜನ. ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ಎಂಆರ್‌ನಲ್ಲಿ ಹೆಸರು ಬರೆದರೆ, ನಾಳೆ ಆ ಹೆಸರೇ ಬದಲಾದಾಗ ಹಳೆಯ ಬದಲಾವಣೆ ಯಾರದೆಂದು ಯಾರಿಗೆ ಗೊತ್ತು? ದಾನಿಗೊಂದು ಸಂಖ್ಯೆ, ಅದು ಬದಲಾಗುವ ಹಾಗಿಲ್ಲ. ಮಾವ ಈಗ ಜನರನ್ನು ಎರಡು ಸಂಖ್ಯೆಯಿಂದ ಕರೆಯುತ್ತಾರೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ ಬಂತು. ಊರಿನ ದೊಡ್ಡ ಕುಳವೊಬ್ಬರು ಸಭೆಯಲ್ಲಿ ಎದ್ದು ನಿಂತು 25,000 ಘೋಷಿಸಿದ್ದರು, ಚಪ್ಪಾಳೆಯೂ ಬಿದ್ದಿತ್ತು. ತಿಂಗಳು ಬಿಟ್ಟು ನೋಡಿದರೆ ದಾನಿಗಳ ಕೋಷ್ಟಕದಲ್ಲಿ 2,500. ಕುಳಕ್ಕೆ ಬೆಂಕಿ ಬಿತ್ತು. ಒಂದು ಸೊನ್ನೆಯ ಜೊತೆ ಮಾನವೂ ಹೋಯಿತು ಎಂದು ಅರಳಿಕಟ್ಟೆಯ ಮೇಲೆ ಕೂಗಾಡಿದರು. ಮಾವ ಶಾಂತವಾಗಿ ಎಂಆರ್ ತೆರೆದರು. ಕೋಷ್ಟಕ: ದಾನಿಗಳು. ಕಾಲಂ: ದೇಣಿಗೆ. ಹಳೆಯದು 25,000, ಹೊಸದು 2,500. ಯಾವಾಗ: ರಾತ್ರಿ ಹನ್ನೊಂದು ನಲವತ್ತು. ಯಾರು: ಖಜಾಂಚಿ.

ಖಜಾಂಚಿಗಳು ಧರ್ಮಸ್ಥಳದ ಮೇಲೆ ಆಣೆ ಇಟ್ಟರು. ಆಣೆಯೇನು, ಆವತ್ತು ಅವರು ಧರ್ಮಸ್ಥಳದಲ್ಲೇ ಇದ್ದರು, ಬಸ್ ಟಿಕೇಟೂ ಇತ್ತು. ವಿಚಾರಿಸಿದಾಗ ತಿಳಿದದ್ದು: ಸಮಿತಿಯ ಹನ್ನೊಂದು ಜನರೂ ತುಂಬುತ್ತಿದ್ದುದು ಒಂದೇ ಲಾಗಿನ್ನಿನಲ್ಲಿ, ಖಜಾಂಚಿಗಳದು. ಪಾಸ್‌ವರ್ಡನ್ನು ಯಾರೂ ಮರೆಯಬಾರದೆಂದು ದೇವಸ್ಥಾನದ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. ಹೀಗಾಗಿ ಎಂಆರ್‌ನ ಪ್ರಕಾರ ಮೂರು ತಿಂಗಳಿಂದ ಊರಿನ ಪ್ರತಿ ಅಕ್ಷರವನ್ನೂ ಖಜಾಂಚಿಯೊಬ್ಬರೇ ತಿದ್ದಿದ್ದಾರೆ, ನಿದ್ದೆಯನ್ನೇ ಮಾಡಿಲ್ಲ. ಮಾವ ಹಣೆ ಚಚ್ಚಿಕೊಂಡರು. "ಇದುಕ್ಕೇ ಕಣ್ರಪ್ಪ ಭೂಮಿಯಲ್ಲಿ ಬೆರಳು ಒತ್ತಿಸ್ತಿದ್ದದ್ದು." ಆ ಸಂಜೆಯೇ ಹನ್ನೊಂದು ಲಾಗಿನ್ ಆಯಿತು. ಖರ್ಚು ಹೆಚ್ಚಾಗುತ್ತದೆ ಎಂದು ಖಜಾಂಚಿಗಳು ಗೊಣಗಿದರು; ಆ ಗೊಣಗಾಟಕ್ಕೆ ಅವರಿಗೆ ಇನ್ನು ಮುಂದೆ ಹಕ್ಕಿರಲಿಲ್ಲ.

ಸೊನ್ನೆ ತೆಗೆದವರು ಯಾರು? ಕೊನೆಗೆ ಮೇಷ್ಟ್ರೇ ಒಪ್ಪಿಕೊಂಡರು. ಅವರು ತಮ್ಮಷ್ಟಕ್ಕೆ ತೆಗೆದದ್ದಲ್ಲ. ಘೋಷಣೆಯಾದ ವಾರದಲ್ಲೇ ಕುಳದ ಮನೆಯವರು ಫೋನ್ ಮಾಡಿ, "ಮೇಷ್ಟ್ರೇ, ಅವರು ಚಪ್ಪಾಳೆ ಬಿದ್ರೆ ಮನೆ ಬಾಗಿಲನ್ನೂ ಬರೆದುಕೊಡ್ತಾರೆ. ಸುಂಟಿ ರೇಟು ಬಿದ್ದೋಗದೆ. ಎರಡೂವರೆ ಸಾವಿರ ಅಂತ ಬರ್ಕೊಳಿ, ನಾನೇ ಕಳಿಸ್ತೀನಿ" ಎಂದಿದ್ದರಂತೆ. ಕಳಿಸಿಯೂ ಇದ್ದರು. ರಸೀದಿಯ ಕೋಷ್ಟಕದಲ್ಲಿ 2,500 ಸರಿಯಾಗಿಯೇ ಇತ್ತು. ಮೂರನೇ ಕಾಲಮ್ಮಿಗೂ ಒಂಬತ್ತಕ್ಕೂ ತಾಳೆಯಿತ್ತು, ಒಂಬತ್ತನೆಯದರಲ್ಲಿದ್ದ ಸ್ವಾಧೀನದಾರನಿಗೆ ಮಾತ್ರ ಗೊತ್ತಿರಲಿಲ್ಲ.

ಇಲ್ಲಿಯೇ ನನಗೆ ಮಾವನ ಮೇಲೆ ಗೌರವ ಹುಟ್ಟಿದ್ದು. ಉಳಿದವರೆಲ್ಲ ಕಳ್ಳ ಸಿಕ್ಕ ಎಂದೋ ಕಳ್ಳನೇ ಇಲ್ಲ ಎಂದೋ ಮನೆಗೆ ಹೊರಟರು. ಮಾವ ಹುಡುಗಿಗೆ ಫೋನ್ ಮಾಡಿದರು. "ಮಗ, ನಿನ್ನ ಎಂಆರ್‌ನಲ್ಲಿ ಹತ್ತನೇ ಕಾಲಮ್ಮೇ ಇಲ್ವಲ್ಲ." ಯಾರು ತಿದ್ದಿದರು ಎಂದು ಯಂತ್ರ ಹೇಳಬಲ್ಲದು, ಯಾವಾಗ ಎಂದು ಹೇಳಬಲ್ಲದು, ಯಾರ ಮಾತಿನ ಮೇಲೆ, ಯಾವ ಆಧಾರದಿಂದ ಎಂದು ಯಂತ್ರಕ್ಕೆ ಗೊತ್ತಿಲ್ಲ, ಕೇಳದಿದ್ದರೆ ಯಾರೂ ಬರೆಯುವುದಿಲ್ಲ. ಲೋ-ಕೋಡ್ ಕಟ್ಟುವ ಎಷ್ಟೋ ಜಾಣರು ಈ ಕಾಲಂ ಬಿಟ್ಟಿರುತ್ತಾರೆ. ಹಳೆಯದು, ಹೊಸದು, ಹೊತ್ತು ಎಲ್ಲ ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ, ಕಾರಣವೊಂದಿಲ್ಲ. ಹಾಗೆ ಎಂಟನೆಯ ಕಾಲಂ ಸೇರಿತು: 'ಆಧಾರ'. ಅದನ್ನು ತುಂಬದೆ ಯಾವ ಮೊತ್ತವನ್ನೂ ತಿದ್ದಲು ಬಿಡದಂತೆ ಹುಡುಗಿ ಬೆಂಗಳೂರಿನಿಂದಲೇ ಫಾರಂ ಮಾಡಿ ಕಳಿಸಿದಳು.

ಅದರಿಂದ ಊರಿಗೆ ಆದ ಉಪಕಾರ ಹೇಳತೀರದು. ಮೊದಲ ವಾರ ಎಲ್ಲರೂ 'ಸರಿಪಡಿಸಿದೆ' ಎಂದು ತುಂಬಿದರು. ಮಾವ ಅವೆಲ್ಲವನ್ನೂ ಕೆಂಪು ಬಣ್ಣ ಮಾಡಿ ವಾಪಸು ಕಳಿಸಿದರು. ಎರಡನೆಯ ವಾರದಿಂದ ನಿಜ ಬರತೊಡಗಿತು. 'ತೆಂಗಿನಕಾಯಿ ಮಾರಿದ ಮೇಲೆ ಕೊಡ್ತೀನಿ ಅಂದ್ರು.' 'ಭಾವಮೈದನಿಗಿಂತ ಒಂದು ರೂಪಾಯಿ ಜಾಸ್ತಿ ಹಾಕಿ ಅಂದ್ರು.' 'ಹೊಗೆಸೊಪ್ಪಿನ ಹರಾಜಾಗಲಿ, ರಾಮನಾಥಪುರದಿಂದ ಬಂದ ಮೇಲೆ ನೋಡೋಣ ಅಂದ್ರು.' ಹಳೆಯ ಸೊನ್ನೆಯ ಸಾಲಿಗೂ ಮೇಷ್ಟ್ರು ಪ್ರಾಮಾಣಿಕವಾಗಿ ತುಂಬಿದರು: 'ಅವರ ಮನೆಯವರು ಹೇಳಿದ್ದು.' ಕುಳ ಅದನ್ನು ಮೊಬೈಲಿನಲ್ಲಿ ಓದಿದರು. ಆ ಮನೆಯಲ್ಲಿ ಆಮೇಲೆ ಏನಾಯಿತೋ ಯಾವ ಕೋಷ್ಟಕದಲ್ಲೂ ಇಲ್ಲ; ನಾಲ್ಕು ದಿನ ಬಿಟ್ಟು 2,500 ಮತ್ತೆ 25,000 ಆಯಿತು, ಆಧಾರ: 'ಮಾನ'. ಎಂಟನೆಯ ಕಾಲಮ್ಮನ್ನು ಎಲ್ಲರೂ ಓದುವಂತೆ ಇಡಬಾರದು ಎಂದು ಮಹಿಳಾ ಸದಸ್ಯರು ಅರ್ಜಿ ಕೊಟ್ಟರು. ಈಗ ಅದನ್ನು ಓದುವ ಹಕ್ಕು ಮೂವರಿಗೆ ಮಾತ್ರ. ಮೂವರಲ್ಲಿ ಮಾವನೂ ಒಬ್ಬರು. ಹೇಗಾದರು ಎಂಬುದು ಎಂಆರ್‌ನಲ್ಲಿದೆಯೇ ಎಂದು ನಾನು ಹುಡುಕಿದೆ, ಓದುವ ಹಕ್ಕಿರಲಿಲ್ಲ.

ಇನ್ನುಳಿದದ್ದು ಕಲ್ಲು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಗುಡಿಯ ಬಾಗಿಲಲ್ಲಿ ನಿಲ್ಲಿಸುವುದು ವಾಡಿಕೆ. ಮಾವ ಇದಕ್ಕೆ ಅಡ್ಡ ಮಲಗಿದ್ದಾರೆ. ಕಲ್ಲಿಗೆ ಎಂಆರ್ ಇಲ್ಲ, ಕಲ್ಲಿನಲ್ಲಿ ಸುತ್ತು ಹಾಕುವಂತಿಲ್ಲ ಎಂಬುದು ಅವರ ವಾದ. ಮೇಷ್ಟ್ರು ಹಲ್ಮಿಡಿ ಶಾಸನದ ಮಾತೆತ್ತಿದರು. ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನದು, ಸುಮಾರು ಕ್ರಿ.ಶ. 450ರದು, ಎಂ. ಎಚ್. ಕೃಷ್ಣ ಅವರು 1936ರಲ್ಲಿ ಗುರುತಿಸಿದ್ದು. ಅದೂ ದಾನದ ದಾಖಲೆಯೇ, ಕಲ್ಲಿನ ಮೇಲೇ ಇದೆ, ಹದಿನೈದು ಶತಮಾನ ಒಂದಕ್ಷರ ಬದಲಾಗಿಲ್ಲ. ಕೆಡಿಸಿದವನಿಗೆ ಮಹಾಪಾಪ ಎಂದು ಶಾಪವನ್ನೂ ಹಾಕಿದ್ದಾರೆ, ಅದಕ್ಕಿಂತ ಭದ್ರವಾದ ಪಾಸ್‌ವರ್ಡ್ ಬೇಕೇ? ಮಾವ ಒಂದು ವಾರ ಸುಮ್ಮನಿದ್ದು, ಬೇಲೂರಿನ ಬಸ್ಸು ಹತ್ತಿ, ಹಲ್ಮಿಡಿಗೆ ಹೋಗಿ, ಅಲ್ಲಿ ನಿಲ್ಲಿಸಿರುವ ಪ್ರತಿಕೃತಿಯನ್ನು ಸುತ್ತ ತಿರುಗಿ ನೋಡಿ ಬಂದರು. ಮುಂಭಾಗದಲ್ಲಿ ಹದಿನೈದು ಸಾಲು. ಹದಿನಾರನೆಯದು ಮಾತ್ರ ಪಕ್ಕದ ಅಂಚಿನಲ್ಲಿ.

"ನೋಡಿದ್ರಾ ಮೇಷ್ಟ್ರೇ" ಎಂದರು ಮಾವ, "ಅದು ಆಮೇಲೆ ಸೇರ್ಸಿರೋದು. ಎಂಆರ್ ನಂಬರ್ ಇಲ್ಲ."

ಹಾಗಾಗಿ ಕಲ್ಲಿನ ಕೆಲಸ ಇನ್ನೂ ಬಾಕಿ. ಗುಡಿಯ ಗೋಪುರ ಮುಗಿದಿದೆ, ಬಣ್ಣವೂ ಆಗಿದೆ, ಗ್ರಾನೈಟು ಬಂದು ಅಂಗಳದಲ್ಲಿ ಬಿದ್ದಿದೆ, ಮಕ್ಕಳು ಅದರ ಮೇಲೆ ಜಾರುತ್ತಾರೆ. ದೇಣಿಗೆ ಈಗಲೂ ಸ್ವೀಕರಿಸುತ್ತಿದ್ದೇವೆ. ಕೊಡುವವರು ದಯವಿಟ್ಟು ಇನಿಶಿಯಲ್ಲನ್ನು ಮೊದಲೇ ಸರಿಯಾಗಿ ಬರೆದುಕೊಡಿ, ಮೊತ್ತವನ್ನು ಮನೆಯಲ್ಲಿ ಕೇಳಿಯೇ ಹೇಳಿ. ಆಮೇಲೆ ತಿದ್ದಿಸಬೇಕಾದರೆ ಸಮಿತಿಗೆ ಬರಬೇಡಿ, ಬೆಳಿಗ್ಗೆ ಹತ್ತೂವರೆಗೆ ತಾಲ್ಲೂಕು ಕಚೇರಿಗೆ ಹೋಗಿ ಮಾವನನ್ನು ಕಾಣಿ. ಆಧಾರ ಜೊತೆಗಿರಲಿ.